ಟರ್ಮಿನಲ್‌ನಲ್ಲಿ ಬಣ್ಣದ ವ್ಯವಸ್ಥೆ

ಕೇಳುಗರಿಗೆ ನಮಸ್ಕಾರ. ಲಿನಕ್ಸ್ ಗಣಕದಲ್ಲಿ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಫೋಲ್ಡರ್ ಒಂದು ಬಣ್ಣದಲ್ಲಿ, ಚಲಾಯಿಸಬಹುದಾದ ಕಡತ ಇನ್ನೊಂದು ಬಣ್ಣದಲ್ಲಿ ಕಾಣುವಂತೆ ಮಾಡುವುದು ಹೇಗೆಂಬುದೇ ಇಂದಿನ ವಿಷಯ.

ಈ ಬಣ್ಣಗಳು ಅಕ್ಷರಗಳ ಸಾಲಿನಲ್ಲಿಯೇ ಸಂಕೇತಗಳಾಗಿ ಬರುತ್ತವೆ. ಎಸ್ಕೇಪ್ ಅಕ್ಷರ, ಒಂದು ಚೌಕ ಆವರಣ, ಒಂದು ಸಂಖ್ಯೆ, ಕೊನೆಗೆ ಎಮ್ ಅಕ್ಷರ, ಇಷ್ಟು ಬಂದರೆ ಟರ್ಮಿನಲ್ ಅದನ್ನು ಮುದ್ರಿಸದೆ ಆಜ್ಞೆಯೆಂದು ತಿಳಿಯುತ್ತದೆ. 31 ಎಂದರೆ ಕೆಂಪು, 32 ಹಸಿರು, 34 ನೀಲಿ. ಸೊನ್ನೆ ಬಂದಾಗ ಎಲ್ಲವೂ ಮೊದಲಿನಂತಾಗುತ್ತದೆ. 1978ರಲ್ಲಿ ಬಂದ ವಿಟಿ 100 ಟರ್ಮಿನಲ್‌ಗೆ ಬಣ್ಣವೇ ಇರಲಿಲ್ಲವಾದರೂ ಈ ಬಗೆಯ ಸಂಕೇತಗಳು ಬಳಕೆಯಲ್ಲಿ ನೆಲೆಯೂರಿದ್ದು ಅದರಿಂದಲೇ.

ಮನೆ ಫೋಲ್ಡರ್‌ನಲ್ಲಿರುವ ಬ್ಯಾಷ್‌ಆರ್‌ಸಿ ಎಂಬ, ಆಜ್ಞೆಗಳನ್ನು ಓದಿ ನಡೆಸುವ ಬ್ಯಾಷ್ ಪ್ರೋಗ್ರಾಮಿನ ಸಿದ್ಧತೆಯ ಕಡತದಲ್ಲಿ ಕಡತಗಳ ಪಟ್ಟಿ ತೋರಿಸುವ ಎಲ್ಎಸ್ ಮತ್ತು ಪಠ್ಯ ಹುಡುಕುವ ಗ್ರೆಪ್ ಆಜ್ಞೆಗಳಿಗೆ ಅಲಿಯಾಸ್, ಅಂದರೆ ಅಡ್ಡಹೆಸರು, ಬರೆದು, ಕಲರ್ ಆಯ್ಕೆಗೆ ಆಟೋ ಎಂಬ ಬೆಲೆಯನ್ನು ಕೊಡಬೇಕು. ಆಲ್ವೇಸ್ ಎಂದು ಬರೆಯುವವರೂ ಇದ್ದಾರೆ. ಅದನ್ನು ದಯವಿಟ್ಟು ಮಾಡಬೇಡಿ. ಆಟೋ ಇದ್ದರೆ, ಉತ್ತರವು ಪರದೆಗೆ ಹೋಗುತ್ತಿದೆಯೋ ಕಡತಕ್ಕೋ ಇನ್ನೊಂದು ಆಜ್ಞೆಗೋ ಎಂಬುದನ್ನು ಪ್ರೋಗ್ರಾಮ್ ತಾನೇ ಪರೀಕ್ಷಿಸಿ, ಪರದೆಗಾದರೆ ಮಾತ್ರ ಬಣ್ಣ ಹಚ್ಚುತ್ತದೆ. ಆಲ್ವೇಸ್ ಎಂದರೆ ಆ ಸಂಕೇತಗಳು ಕಡತದೊಳಗೂ ಸೇರಿಕೊಂಡು, ಆ ಪಟ್ಟಿಯನ್ನು ಓದುವ ಮುಂದಿನ ಆಜ್ಞೆಗೆ ಕಡತದ ಹೆಸರೇ ಬೇರೆಯಾಗಿ ಕಾಣುತ್ತದೆ. ಬಣ್ಣವಿರುವುದು ಓದುವವರ ಕಣ್ಣಿಗಾಗಿ. ಮಾಹಿತಿಯೊಳಗೆ ಅದು ಬೆರೆಯಬಾರದು.

ಆಜ್ಞೆ ಟೈಪ್ ಮಾಡುವ ಮುನ್ನ ಸಾಲಿನ ಆರಂಭದಲ್ಲಿ ಕಾಣುವ ಪ್ರಾಂಪ್ಟ್‌ಗೆ ಬಣ್ಣ ಕೊಡುವವರು ಪ್ರತಿಯೊಂದು ಸಂಕೇತದ ಎರಡೂ ಬದಿಗೆ ಹಿಂಗೀಟು, ಅಂದರೆ ಬ್ಯಾಕ್‌ಸ್ಲ್ಯಾಷ್, ಸಹಿತ ಚೌಕ ಆವರಣಗಳನ್ನು ಹಾಕಲೇಬೇಕು. ಇಲ್ಲವಾದರೆ ಬ್ಯಾಷ್ ಕಾಣದ ಅಕ್ಷರಗಳನ್ನೂ ಅಗಲಕ್ಕೆ ಲೆಕ್ಕ ಹಿಡಿದು, ಉದ್ದವಾದ ಆಜ್ಞೆಯನ್ನು ಟೈಪ್ ಮಾಡುವಾಗ ಸಾಲು ತಪ್ಪಾದ ಜಾಗದಲ್ಲಿ ಮುರಿದು ತನ್ನ ಮೇಲೆಯೇ ಬೀಳುತ್ತದೆ.

ಇನ್ನು ಬಣ್ಣಗಳ ಆಯ್ಕೆ. ಫೋಲ್ಡರ್‌ಗಳಿಗೆ ಮೊದಲೇ ನಿಗದಿಯಾಗಿರುವ ನೀಲಿಯು ಕಪ್ಪು ಹಿನ್ನೆಲೆಯಲ್ಲಿ ಅನೇಕ ಪರದೆಗಳಲ್ಲಿ ಓದಲು ಕಷ್ಟ. ನನ್ನ ಅಭಿಪ್ರಾಯದಲ್ಲಿ ಮೊದಲು ಬದಲಿಸಬೇಕಾದದ್ದು ಅದನ್ನೇ. ಡಿರ್‌ಕಲರ್ಸ್ ಆಜ್ಞೆಯು ಕೊಡುವ ಬಣ್ಣಗಳ ಪಟ್ಟಿಯನ್ನು ಉಳಿಸಿಕೊಂಡು, ಫೋಲ್ಡರಿನ ಸಾಲಿನಲ್ಲಿ 34ರ ಬದಲು 36 ಎಂದು ಬರೆದರೆ ತಿಳಿಯಾದ ಹಸಿರುನೀಲಿ ಬರುತ್ತದೆ. ಕೆಂಪು ಹಸಿರುಗಳ ಭೇದ ಗುರುತಿಸಲಾಗದವರು ಕಡತಗಳ ಬದಲಾವಣೆಗಳ ದಾಖಲೆಯಿಡುವ ಗಿಟ್ ಬಳಸುವಾಗ ಅಳಿಸಿದ ಮತ್ತು ಸೇರಿಸಿದ ಸಾಲುಗಳ ಬಣ್ಣಗಳನ್ನು ಹಳದಿ ಮತ್ತು ನೀಲಿಗೆ ಬದಲಿಸಿಕೊಳ್ಳಬಹುದು. ಸಾಲಿನ ಆರಂಭದ ಕೂಡು ಕಳೆ ಚಿಹ್ನೆಗಳು ಹೇಗೂ ಉಳಿದಿರುತ್ತವೆ.