ಅಗ್ರಹಾರದ ಸಂದೀಲಿ ರಿವರ್ಸು, ಮತ್ತೆ ಅದೇ ಪೈಪು

ಹಾಂ, ರೆಕಾರ್ಡ್ ಆಗ್ತಿದೆ. ಮೈಸೂರು, ಅಗ್ರಹಾರ, ನಮ್ಮ ಸೋದರಮಾವನ ಮನೆ ಸಂದಿ. ಕಾರು ಒಳಗೆ ಬರುತ್ತೆ, ತಿರುಗಿಸೋಕೆ ಜಾಗ ಇಲ್ಲ. ಕಾಫಿ ಕುಡಿದು ಹೊರಟೋರೆಲ್ಲ ರಸ್ತೇವರೆಗೂ ಹಿಂದಿಂದೇ ಹೋಗ್ಬೇಕು.

ಬೆಲ್ಟು, ಗೇರು ಎಲ್ಲ ಕಾಣ್ತಿದೆಯಲ್ಲ. ಈ ಕುಂಯ್ ಅನ್ನೋ ಸದ್ದಿಗೆ ಹೆದರ್ಬೇಡಿ, ಗಾಡಿ ಕೆಟ್ಟಿಲ್ಲ. ಮುಂದಿನ ಗೇರುಗಳಿಗೆ ಓರೆ ಹಲ್ಲು, ರಿವರ್ಸ್ ಗೇರಿಗೆ ಬಹಳಷ್ಟು ಕಾರಲ್ಲಿ ನೇರ ಹಲ್ಲು. ಅದಕ್ಕೇ ಹಾಗೆ ಕೂಗುತ್ತೆ.

ಎಡಗೈ ಪಕ್ಕದ ಸೀಟಿನ ಬೆನ್ನಿಗೆ, ಬಲಗೈ ಸ್ಟೀರಿಂಗ್ ನೆತ್ತಿಗೆ, ಕಣ್ಣು ಹಿಂದಿನ ಗಾಜಿಗೆ. ಆಕ್ಸಿಲರೇಟರ್ ಮುಟ್ಟೋದೇ ಬೇಡ, ಹಾಫ್ ಕ್ಲಚ್ಚಲ್ಲೇ ತೆವಳುತ್ತೆ. ಹಿಂಭಾಗ ಯಾವ ಕಡೆ ಹೋಗ್ಬೇಕೋ ಸ್ಟೀರಿಂಗೂ ಅದೇ ಕಡೆಗೆ, ಎರಡು ಬೆರಳಷ್ಟು. ಮುಂದೆ ಹೋಗುವಾಗ ಸ್ಟೀರಿಂಗ್ ಸಡಿಲ ಬಿಟ್ರೆ ಚಕ್ರ ತಾನೇ ನೇರ ಆಗುತ್ತೆ. ರಿವರ್ಸಲ್ಲಿ ಆಗಲ್ಲ, ವಾಲಿದ ಕಡೆಗೇ ಇನ್ನೂ ವಾಲುತ್ತೆ. ಸೈಕಲ್ ಸೀಟು ಹಿಡ್ಕೊಂಡು ಹಿಂದಕ್ಕೆ ಎಳೀರಿ, ಹ್ಯಾಂಡಲ್ ಹೇಗೆ ಹೊರಳುತ್ತೆ ನೋಡಿ. ಅದೇ ಕಥೆ.

ಬಂತು ನೋಡಿ ಪೈಪು. ಎಡಗಡೆ, ಬಟ್ಟೆ ಒಣಹಾಕೋ ತಂತಿಗೆ ನೆಟ್ಟಿರೋದು. ಹೆಬ್ಬೆರಳಿನ ದಪ್ಪ. ಹೋದ ಸಲ ಮಾವ ಸ್ನಾನಕ್ಕೆ ಹೋಗಿದ್ರು, ಅವರ ಮಗ ಮೊಬೈಲ್ ನೋಡ್ಕೊಂಡೇ 'ಬರ್ಲಿ ಬರ್ಲಿ' ಅಂದ. ಸೆನ್ಸರೂ ಸುಮ್ನಿತ್ತು. 2019ರ ಜುಲೈ 1ರಿಂದ ತಯಾರಾಗೋ ಕಾರಿಗೆಲ್ಲ ಸೆನ್ಸರ್ ಕಡ್ಡಾಯ, ಸರಿ. ಆದ್ರೆ ಅದು ಸದ್ದು ಕಳಿಸಿ, ವಾಪಸ್ ಬಂದಿದ್ದನ್ನ ಕೇಳಿಸ್ಕೊಳ್ಳೋ ಯಂತ್ರ. ಗೋಡೆ ಆದ್ರೆ ಗೊತ್ತಾಗುತ್ತೆ. ಮೂಲೇಲಿ ನಿಂತ ಸಣಕಲು ಪೈಪು ಎಷ್ಟೋ ಸಲ ಗೊತ್ತೇ ಆಗಲ್ಲ. ಬರ್ಲಿ, ಬರ್ಲಿ, ಟಪ್. ಟಪ್ ಆದ್ಮೇಲೆ 'ಹೋಲ್ಡಾನ್' ಅಂದ ಮಹಾನುಭಾವ.

ಟೇಲ್ ಲ್ಯಾಂಪಲ್ಲಿ ಎಲಚಿಹಣ್ಣಿನಷ್ಟು ತೂತು. ಗ್ಯಾರೇಜಲ್ಲಿ 2,850 ರೂಪಾಯಿ ಅಂದ್ರು. ಬಲ್ಬು ಉರೀತಿದೆ, ಆ ಕೆಂಪು ಪ್ಲಾಸ್ಟಿಕ್ ಒಂದು ಕೊಡಿ ಸಾಕು ಅಂದೆ. "ಬಿಡಿಯಾಗಿ ಬರಲ್ಲ ಮೇಡಂ, ಫುಲ್ ಸೆಟ್ಟೇ." ನಾನೂ ಹಠ ಮಾಡಿ ಸೆಲೋಟೇಪ್ ಅಂಟಿಸ್ದೆ. ಎರಡು ಮಳೆಗೆ ಒಳಗೆ ನೀರು ನಿಂತು ಮೀನು ಸಾಕೋ ಹಾಗಾಯ್ತು. ಕೊನೆಗೆ ಅದೇ 2,850, ಮೇಲೆ ಫಿಟ್ಟಿಂಗ್ 300. ಅಷ್ಟು ದುಡ್ಡಲ್ಲಿ ಅತ್ತೆಗೆ ಸ್ಟೀಲಿನ ಬಟ್ಟೆ ಸ್ಟ್ಯಾಂಡೇ ತಂದು ಈ ಪೈಪ್ ಕೀಳಿಸಬಹುದಿತ್ತು. ಪೈಪಿಗೆ ಒಂದು ಗೀರೂ ಬಿದ್ದಿಲ್ಲ ನೋಡಿ!

ಇವತ್ತು ಮಾವ ಇದ್ದಾರೆ. ಕಂಡಕ್ಟರಾಗಿ ರಿಟೈರ್ ಆದೋರು, ವಿಷಲ್ ಇನ್ನೂ ಜೇಬಲ್ಲೇ. ಕಾರಿನ ನೇರ ಹಿಂದೆ ನಿಂತಿಲ್ಲ ಗಮನಿಸಿ, ಬಲಗಡೆ ಕನ್ನಡೀಲಿ ಮುಖ ಕಾಣೋ ಹಾಗೆ ನಿಂತಿದ್ದಾರೆ. "ಪುಟ್ಟಿ, ನಾನು ಕಾಣ್ಲಿಲ್ಲ ಅಂದ್ರೆ ಗಾಡಿ ನಿಲ್ಸು, ಇನ್ನೇನೂ ಯೋಚ್ನೆ ಮಾಡ್ಬೇಡ." ಬಸ್ ಸ್ಟ್ಯಾಂಡಲ್ಲಿ ಅಷ್ಟು ಉದ್ದದ ಬಸ್ಸನ್ನ ಹಿಂದಕ್ಕೆ ಹಾಕಿಸ್ತಿದ್ದೋರಿಗೆ ನನ್ನ ಕಾರು ಯಾವ ಲೆಕ್ಕ. ಒಂದು ಸಲ ಹಾಸನದಲ್ಲಿ... ಅದು ಆಮೇಲೆ.

ರಿವರ್ಸ್ ಕ್ಯಾಮೆರಾ ಹಾಕಿಸಿ ಅಂತೀರಲ್ಲ, ಹಾಕ್ಸಿದೀನಿ, ದಂಡ. ಅಗಲ ಲೆನ್ಸು, ಹತ್ತಿರದ್ದೂ ದೂರ ಇದ್ದ ಹಾಗೆ ಕಾಣುತ್ತೆ... ಇರಿ, ಇರಿ. ನಾಯಿ. ಬಂಪರ್ ಕೆಳಗೇ ಮಲಗಿದೆ, ಗಾಜಲ್ಲಿ ಕಾಣೋದೇ ಇಲ್ಲ, ಸ್ಕ್ರೀನಲ್ಲಿ ಬಾಲ ಕಾಣ್ತು. ಸರಿ, ದಂಡ ಅಂದಿದ್ದು ವಾಪಸ್. ಏಳಪ್ಪ, ಏಳು.

ಪೈಪ್ ದಾಟಿತು. ಹಿಂದೆ ನೋಡ್ತಾ ನೋಡ್ತಾ ಮೂತಿ ಮರೀಬೇಡಿ, ಹಿಂಭಾಗ ಎಡಕ್ಕೆ ಹೋದ್ರೆ ಮೂತಿ ಬಲಕ್ಕೆ ಬೀಸುತ್ತೆ, ಅಲ್ಲಿ ಪಕ್ಕದ ಮನೆ ಗೇಟಿದೆ.

ರಸ್ತೆ ಬಂತು. ಇಲ್ಲಿ ಪೂರ್ತಿ ನಿಲ್ಸಿ. ಮಾವ ಕೈ ಅಡ್ಡ ಹಿಡಿದಿದ್ದಾರೆ, ಆಟೋದವ್ರು ಕೇರೇ ಮಾಡ್ತಿಲ್ಲ. ವಿಷಲ್ ಬಂತು, ಹೊರಗೆ ಬಂದೆ... ಅಯ್ಯೋ, ಅತ್ತೆ ಅಲ್ಲಿಂದ ಕೈ ಬೀಸ್ತಿದ್ದಾರೆ. ಉಪ್ಪಿನಕಾಯಿ ಬಾಟ್ಲಿ ಅಲ್ಲೇ ಮರೆತೆ. ನಡ್ಕೊಂಡೇ ಹೋಗಿ ತರ್ತೀನಿ, ಕಾರ್ ಮಾತ್ರ ಒಳಗೆ ಹಾಕಲ್ಲ. ಕಟ್.