ಕಾಗದ ಕಳೆದರೆ ಕೇಳುವ ಹಾಗಿಲ್ಲ, ಕರೆಂಟು ಕಿತ್ತರೆ ಕೇಳಬಹುದು: ಬ್ರಿಟಿಷರ ಅಂಚೆ, ತಂತಿ, ವಿದ್ಯುತ್ ಕಾಯ್ದೆಗಳ ಒಳಗುಟ್ಟು

ನಮಸ್ಕಾರ. ಎರಡು ಪ್ರಸಂಗ ಊಹಿಸಿಕೊಳ್ಳಿ. 1900ರಲ್ಲಿ ಧಾರವಾಡದಿಂದ ಪುಣೆಗೆ ಹಾಕಿದ ಒಂದು ಕಾಗದ ದಾರಿಯಲ್ಲೇ ಕಳೆದುಹೋಯಿತು. ಹಾಕಿದವರು ಸರ್ಕಾರದ ಹತ್ತಿರ ಬಿಡಿಗಾಸಿನ ಪರಿಹಾರವನ್ನೂ ಕೇಳುವಂತಿರಲಿಲ್ಲ. 1912ರಲ್ಲಿ ಮುಂಬೈಯ ಒಬ್ಬ ಅಂಗಡಿಕಾರ ಕರೆಂಟು ಬಿಲ್ಲು ಕಟ್ಟಲಿಲ್ಲ. ಆದರೂ ಕಂಪನಿ ನೇರವಾಗಿ ಬಂದು ತಂತಿ ಕತ್ತರಿಸುವಂತಿರಲಿಲ್ಲ. ಬರಹದಲ್ಲಿ ನೋಟಿಸು ಕೊಟ್ಟು ಏಳು ದಿನ ಪೂರ್ತಿ ಕಾಯಬೇಕಿತ್ತು.

ಮೊದಲನೆಯದಕ್ಕೆ 1898ರ ಅಂಚೆ ಕಾಯ್ದೆ, ಎರಡನೆಯದಕ್ಕೆ 1910ರ ವಿದ್ಯುತ್ ಕಾಯ್ದೆ. ನಡುವಿನ ಅಂತರ ಹನ್ನೆರಡೇ ವರ್ಷ, ಮಾಡಿದ ಸರ್ಕಾರವೂ ಒಂದೇ. ತಪ್ಪಿಲ್ಲದ ಗ್ರಾಹಕನ ಕೈ ಬರಿದು, ಬಾಕಿ ಉಳಿಸಿಕೊಂಡವನಿಗೆ ರಕ್ಷಣೆ! ನಮ್ಮ ಪ್ರಕಾರ ಇದಕ್ಕೆ ಕಾರಣ ಒಂದೇ. ಅಂಚೆಯಲ್ಲಿ ಅಂಗಡಿಯೂ ಸರ್ಕಾರದ್ದು, ಕಾನೂನೂ ಸರ್ಕಾರದ್ದು. ವಿದ್ಯುತ್ತಿನಲ್ಲಿ ಅಂಗಡಿ ಖಾಸಗಿಯವರದು. ಸರ್ಕಾರ ತನಗೆ ತಾನೇ ಬರೆದುಕೊಂಡ ಕಾನೂನು ಹೇಗಿತ್ತು, ಬೇರೆಯವರಿಗೆ ಬರೆದದ್ದು ಹೇಗಿತ್ತು ಎಂಬುದನ್ನು ಕಲಂ ಹಿಡಿದು ನೋಡೋಣ.

(ತೆರೆಯ ಮೇಲೆ: ಒಂದು ರೂಪಾಯಿ ನಾಣ್ಯ, ಪಕ್ಕದಲ್ಲಿ ಮಡಿಸಿದ ಕಾಗದ)

ಈಸ್ಟ್ ಇಂಡಿಯಾ ಕಂಪನಿ ತನ್ನ ಟಪಾಲನ್ನು ಜನರಿಗೆ ತೆರೆದದ್ದು 1774ರಲ್ಲಿ, ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ. ನೂರು ಮೈಲಿಗೆ ಎರಡಾಣೆ ದರ. ಆಗ ಇದು ಹಲವು ಟಪಾಲುಗಳಲ್ಲಿ ಒಂದು, ಅಷ್ಟೆ. ವ್ಯಾಪಾರಿಗಳು, ಲೇವಾದೇವಿಯವರು ಸೇರಿ ನಡೆಸುತ್ತಿದ್ದ ಮಹಾಜನಿ ಡಾಕ್ ಇತ್ತು, ಸಂಸ್ಥಾನಗಳ ಅಂಚೆ ಇತ್ತು. 1837ರ ಕಾಯ್ದೆ ಈ ಲೆಕ್ಕ ಬದಲಿಸಿತು. ಕಂಪನಿಯ ಆಳ್ವಿಕೆಯ ಪ್ರದೇಶದಲ್ಲಿ ದುಡ್ಡು ತೆಗೆದುಕೊಂಡು ಪತ್ರ ಸಾಗಿಸುವ ಹಕ್ಕು ಗವರ್ನರ್ ಜನರಲ್ ಸರ್ಕಾರದ್ದು ಮಾತ್ರ ಎಂದಿತು.

ದರ ಆಗ ದೂರ ಮತ್ತು ತೂಕ ಎರಡನ್ನೂ ನೋಡಿ ಹಾಕುತ್ತಿದ್ದರು. ಕಲ್ಕತ್ತೆಯಿಂದ ಮುಂಬೈಗೆ ಒಂದು ತೊಲ ತೂಕದ ಪತ್ರಕ್ಕೆ ಒಂದು ರೂಪಾಯಿ. ಅಂದಿನ ಬೆಳ್ಳಿ ರೂಪಾಯಿಯ ತೂಕವೂ ಸರಿಯಾಗಿ ಒಂದು ತೊಲ, ಅಂದರೆ 180 ಗ್ರೇನ್, ಈಗಿನ ಲೆಕ್ಕದಲ್ಲಿ ಸುಮಾರು 11.66 ಗ್ರಾಂ. ಕಾಗದದ ತೂಕದಷ್ಟು ಬೆಳ್ಳಿ ಕೊಟ್ಟು ಕಳಿಸಿದ ಹಾಗಾಯಿತು!

ದುಬಾರಿಯಾದದ್ದು ಒಂದು ತೊಂದರೆ. ಅದಕ್ಕಿಂತ ದೊಡ್ಡದು ನಗದಿನ ತೊಂದರೆ. ಮುಂಗಡ ಕೊಟ್ಟರೆ ಗುಮಾಸ್ತ ಹಣವನ್ನು ಜೇಬಿಗಿಳಿಸಿ ಪತ್ರವನ್ನು ಹರಿದುಹಾಕಬಹುದಿತ್ತು. ಹಣ ಕಟ್ಟಿದ್ದಕ್ಕೆ ಪತ್ರದ ಮೇಲೆ ನಂಬುವಂಥ ಗುರುತೇ ಇರಲಿಲ್ಲ. ಆದ್ದರಿಂದ ತಲುಪಿದ ಮೇಲೆ ಪಡೆಯುವವರೇ ಕೊಡಲಿ ಎಂದು ಜನ ಬೇರಿಂಗ್ ಹಾಕುತ್ತಿದ್ದರು. ಪಡೆಯುವವರು ಬೇಡವೆಂದರೆ ಅಷ್ಟು ದೂರ ಹೊತ್ತ ಶ್ರಮ ದಂಡ.

1850ರಲ್ಲಿ ನೇಮಿಸಿದ ಮೂವರ ಆಯೋಗ ಇದನ್ನೆಲ್ಲ ಜಾಲಾಡಿತು. ಅದರ ಫಲ 1854ರ ಅಂಚೆ ಕಾಯ್ದೆ. ಆ ವರ್ಷದ ಅಕ್ಟೋಬರ್ 1ರಿಂದ ದೂರದ ಲೆಕ್ಕ ಹೋಯಿತು, ತೂಕದ್ದಷ್ಟೇ ಉಳಿಯಿತು. ಕಾಲು ತೊಲಕ್ಕೆ ಅರ್ಧ ಆಣೆ, ಅರ್ಧ ತೊಲಕ್ಕೆ ಒಂದಾಣೆ, ಒಂದು ತೊಲಕ್ಕೆ ಎರಡಾಣೆ. ಪಕ್ಕದ ಊರಾದರೂ ಅಷ್ಟೇ, ಪೇಶಾವರವಾದರೂ ಅಷ್ಟೇ.

ಕಾಲು ತೊಲ ಎಂದರೆ ಒಂದು ಪಾವಲಿಯ, ಅಂದರೆ ನಾಲ್ಕಾಣೆ ನಾಣ್ಯದ ತೂಕ, 3 ಗ್ರಾಮಿಗೂ ಸ್ವಲ್ಪ ಕಡಿಮೆ. ಈಗಿನ ಪ್ರಿಂಟರಿಗೆ ಹಾಕುವ ಎ4 ಹಾಳೆ ಒಂದೇ 5 ಗ್ರಾಂ ತೂಗುತ್ತದೆ. ಅರ್ಧ ಆಣೆಯಲ್ಲಿ ಮುಗಿಸಬೇಕಾದರೆ ತೆಳು ಕಾಗದ, ಸಣ್ಣ ಅಕ್ಷರ ಬೇಕೇ ಬೇಕು. ಮನೆಯಲ್ಲಿ ತಕ್ಕಡಿಯ ಒಂದು ಬದಿಗೆ ಪಾವಲಿ, ಇನ್ನೊಂದು ಬದಿಗೆ ಪತ್ರ ಇಟ್ಟರೆ ಸಾಕು, ದರ ತಿಳಿಯುತ್ತಿತ್ತು.

(ತೆರೆಯ ಮೇಲೆ: ನೀಲಿ ಅರ್ಧ ಆಣೆ, ಕೆಂಪು ಒಂದಾಣೆ ಸ್ಟಾಂಪು)

ಗುಮಾಸ್ತನ ಕಳ್ಳತನಕ್ಕೆ ಮದ್ದು ಸ್ಟಾಂಪು. ಹಣ ಕಟ್ಟಿದ ಗುರುತು ಪತ್ರದ ಮೈಮೇಲೇ ಅಂಟಿಕೊಂಡಿರುತ್ತದೆ, ಅದರ ಮೇಲೆ ಮೊಹರು ಬಿದ್ದರೆ ಮತ್ತೆ ಬಳಸಲು ಬರುವುದಿಲ್ಲ. 1852ರಲ್ಲೇ ಸಿಂಧ್ ಪ್ರಾಂತ್ಯದಲ್ಲಿ ಬಾರ್ಟ್‌ಲ್ ಫ್ರೆರ್ ಸ್ಟಾಂಪು ತಂದಿದ್ದ. 1854ರವು ಇಡೀ ದೇಶಕ್ಕೆ ಕಲ್ಕತ್ತೆಯಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾದವು. ಅಂಚಿನಲ್ಲಿ ತೂತುಗಳಿರಲಿಲ್ಲ, ಹಾಳೆಯಿಂದ ಕತ್ತರಿಯಲ್ಲೇ ಕತ್ತರಿಸಬೇಕು. ಸ್ಟಾಂಪಿಲ್ಲದ ಪತ್ರಕ್ಕೆ ಪಡೆಯುವವರಿಂದ ದುಪ್ಪಟ್ಟು ವಸೂಲಿ. ಈ ಒಂದು ನಿಯಮವೇ ಜನರನ್ನು ಮುಂಗಡದ ಕಡೆಗೆ ತಳ್ಳಿತು.

ಇಲ್ಲಿಯವರೆಗೆ ಸರ್ಕಾರದ ಕೆಲಸ ಶ್ಲಾಘನೀಯವೇ. ಬಡವರ ಕೈಗೂ ಪತ್ರ ಎಟುಕಿತು. 1879ರ ಜುಲೈ 1ರಿಂದ ಕಾಲಾಣೆಯ ಕಾರ್ಡೂ ಬಂತು. ಈಗ ಅದೇ ಇಲಾಖೆಯ ಕಾನೂನಿನ ಇನ್ನೊಂದು ಮುಖ.

1898ರ ಭಾರತೀಯ ಅಂಚೆ ಕಚೇರಿ ಕಾಯ್ದೆ. ಅದರ 4ನೇ ಕಲಂ ಪತ್ರ ಸಾಗಣೆಯನ್ನು ಸರ್ಕಾರದ ಏಕಸ್ವಾಮ್ಯ ಎನ್ನುತ್ತಿತ್ತು. ಸಾಗಿಸುವುದಷ್ಟೇ ಅಲ್ಲ, ಒಟ್ಟುಗೂಡಿಸುವುದು, ರವಾನಿಸುವುದು, ಬಟವಾಡೆ ಮಾಡುವುದು ಎಲ್ಲವೂ ಅದರೊಳಗೆ. ವಿನಾಯಿತಿ ಮೂರೇ. ಆ ದಾರಿಯಲ್ಲಿ ಹೊರಟ ಸ್ನೇಹಿತ ಪ್ರತಿಫಲವಿಲ್ಲದೆ ಒಯ್ಯಬಹುದು. ಕಳಿಸುವವರ ಅಥವಾ ಪಡೆಯುವವರ ಸ್ವಂತ ವ್ಯವಹಾರದ ಪತ್ರವನ್ನು ಅದಕ್ಕೆಂದೇ ಕಳಿಸಿದ ಆಳು ಒಯ್ಯಬಹುದು. ಸರಕಿನ ಜತೆ ಹೋಗುವ, ಆ ಸರಕಿಗೇ ಸಂಬಂಧಿಸಿದ ಚೀಟಿಯನ್ನು ಪುಕ್ಕಟೆ ಒಯ್ಯಬಹುದು.

ಇಲ್ಲಿ ಎಡವುತ್ತಿದ್ದವರು ಬಾಡಿಗೆ ಗಾಡಿಯವರು, ದೋಣಿಯವರು. 'ನಾನು ದುಡ್ಡು ತೆಗೆದುಕೊಂಡಿಲ್ಲ, ಉಪಕಾರಕ್ಕೆ ಒಯ್ದೆ' ಎಂಬ ಮಾತು ಅವರಿಗೆ ನಡೆಯುತ್ತಿರಲಿಲ್ಲ. 5ನೇ ಕಲಂ ಅವರನ್ನು ಹೆಸರಿಸಿಯೇ ತಡೆದಿತ್ತು: ಜನ ಅಥವಾ ಸರಕು ಸಾಗಿಸುವುದೇ ಕಸುಬಾದವರು, ತಾವು ಸಾಗಿಸುವ ಸರಕಿನ ಚೀಟಿ ಬಿಟ್ಟರೆ, ಪುಕ್ಕಟೆಯಾಗಿಯೂ ಪತ್ರ ಮುಟ್ಟುವಂತಿಲ್ಲ. 4 ಅಥವಾ 5ನೇ ಕಲಂ ಮೀರಿದರೆ 58, 59ನೇ ಕಲಂಗಳಡಿ ಪ್ರತಿ ಪತ್ರಕ್ಕೂ 50 ರೂಪಾಯಿವರೆಗೆ ದಂಡ. ಒಯ್ದವನಿಗಷ್ಟೇ ಅಲ್ಲ, ಕೊಟ್ಟು ಕಳಿಸಿದವನಿಗೂ. ಅರ್ಧ ಆಣೆಯ ಸೇವೆಗೆ ಐವತ್ತು ರೂಪಾಯಿ ಎಂದರೆ 1,600 ಪಟ್ಟು.

ಹೀಗೆ ಬೇರೆ ದಾರಿಗಳನ್ನೆಲ್ಲ ಮುಚ್ಚಿದ ಸರ್ಕಾರ ತನ್ನ ದಾರಿಯ ಹೊಣೆ ಹೊತ್ತಿತೇ? 6ನೇ ಕಲಂ ಓದಿ. ಪತ್ರ ಕಳೆದರೂ, ತಡವಾದರೂ, ಬೇರೆಯವರ ಕೈ ಸೇರಿದರೂ, ಹಾಳಾದರೂ ಸರ್ಕಾರ ಜವಾಬ್ದಾರಿಯಲ್ಲ, ತಾನೇ ಸ್ಪಷ್ಟವಾಗಿ ಒಪ್ಪಿಕೊಂಡ ಸಂದರ್ಭ ಬಿಟ್ಟು. ನೌಕರನೂ ಜವಾಬ್ದಾರನಲ್ಲ, ಮೋಸದಿಂದಲೋ ಬೇಕೆಂದೋ ಮಾಡಿದ್ದರೆ ಮಾತ್ರ ಹೊರತು. ಒಪ್ಪಿಕೊಂಡ ಸಂದರ್ಭ ಎಂದರೆ ಮುಖ್ಯವಾಗಿ ವಿಮೆ ಮಾಡಿಸಿದ ಅಂಚೆ, ಅದಕ್ಕೆ ಶುಲ್ಕ ಬೇರೆ.

19ನೇ ಶತಮಾನದ ಜನ ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದರು. ನೋಟನ್ನು ನಡುವೆ ಕತ್ತರಿಸಿ ಒಂದರ್ಧ ಮೊದಲು ಕಳಿಸುವುದು, ತಲುಪಿತೆಂದು ಉತ್ತರ ಬಂದ ಮೇಲೆ ಇನ್ನರ್ಧ. ಕದ್ದವನಿಗೆ ಅರ್ಧ ನೋಟು ಯಾವ ಕೆಲಸಕ್ಕೂ ಬಾರದು. ಅಂಟಿಸಿದ ಅಂಥ ನೋಟುಗಳನ್ನು ಈಗಲೂ ಸಂಗ್ರಾಹಕರ ಬಳಿ ನೋಡಬಹುದು.

ಕಾಯ್ದೆಯಲ್ಲಿ ಗ್ರಾಹಕನ ಪರವಾದ ಮೂಲೆಗಳೂ ಇದ್ದವು ಎನ್ನಬೇಕು. 11ನೇ ಕಲಂ ಪ್ರಕಾರ ಬೇರಿಂಗ್ ಪತ್ರ ಬಂದರೆ ಒಡೆಯದೆ ಹಿಂತಿರುಗಿಸಬಹುದಿತ್ತು, ಆಗ ವೆಚ್ಚ ಕಳಿಸಿದವರ ತಲೆಗೆ. ಒಡೆದಿರೋ, ಕಟ್ಟಲೇಬೇಕು. ಯಾರೋ ಪೀಡಿಸಲೆಂದೇ ಸ್ಟಾಂಪಿಲ್ಲದೆ ಹಾಕಿದ್ದಾರೆ ಎಂದು ಅಧಿಕಾರಿಗೆ ಮನವರಿಕೆಯಾದರೆ ಶುಲ್ಕ ಮಾಫಿ ಮಾಡಲೂ ಅವಕಾಶವಿತ್ತು. ಕಾಯ್ದೆ ಬರೆದವರಿಗೆ ಇಂಥ ಕುಚೇಷ್ಟೆಗಳ ಪರಿಚಯ ಚೆನ್ನಾಗಿಯೇ ಇತ್ತು ಅನ್ನಿಸುತ್ತದೆ.

ಇನ್ನು 26ನೇ ಕಲಂ. ಸಾರ್ವಜನಿಕ ತುರ್ತು, ಸುರಕ್ಷತೆ, ಶಾಂತಿ ಎಂಬ ಕಾರಣ ಕೊಟ್ಟು ಯಾರ ಪತ್ರವನ್ನಾದರೂ ತಡೆಹಿಡಿಯುವ ಅಧಿಕಾರ. ಅಂಥ ತುರ್ತು ನಿಜವಾಗಿಯೂ ಇತ್ತೇ ಎಂದು ಸಂದೇಹ ಬಂದರೆ? ಸರ್ಕಾರ ಕೊಡುವ ಪ್ರಮಾಣಪತ್ರವೇ ಕೊನೆಯ ಸಾಕ್ಷಿ ಎಂದು ಅದೇ ಕಲಂ ಹೇಳುತ್ತಿತ್ತು. ಆರೋಪಿಯೂ ನಾನೇ, ನ್ಯಾಯಾಧೀಶನೂ ನಾನೇ! ಈ ಕಾಯ್ದೆ 125 ವರ್ಷ ಬಾಳಿತು. ಅದರ ಜಾಗಕ್ಕೆ ಬಂದ 2023ರ ಅಂಚೆ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಏಕಸ್ವಾಮ್ಯ ಹೋಗಿದೆ. ತಡೆಹಿಡಿಯುವ ಅಧಿಕಾರ, ಹೊಣೆಯಿಂದ ವಿನಾಯಿತಿ ಎರಡೂ ಹೊಸ ಕಾಯ್ದೆಯಲ್ಲಿ ಮುಂದುವರಿದಿವೆ.

ಮೈಸೂರಿನ ವಿಷಯ ಒಂದು ಮಾತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಯಿತು. ಹೈದರಾಬಾದ್, ತಿರುವಾಂಕೂರುಗಳು ತಮ್ಮದೇ ಸ್ಟಾಂಪು ಹೊರಡಿಸಿದವು, ಮೈಸೂರು ಹೊರಡಿಸಲಿಲ್ಲ. ಹಾಗಾಗಿ ಸ್ಟಾಂಪು ಸಂಗ್ರಹಿಸುವವರ ಪುಸ್ತಕದಲ್ಲಿ ಈ ಅಂಚೆಗೆ ಪುಟವೇ ಇಲ್ಲ.

(ತೆರೆಯ ಮೇಲೆ: ತಂತಿ ಕಂಬ)

ತಂತಿ ಇಲಾಖೆಯ 1885ರ ಟೆಲಿಗ್ರಾಫ್ ಕಾಯ್ದೆ ಇದೇ ಜಾಯಮಾನದ್ದು. 4ನೇ ಕಲಮಿನಲ್ಲಿ ಏಕಸ್ವಾಮ್ಯ, 5ರಲ್ಲಿ ತಡೆಹಿಡಿಯುವ ಅಧಿಕಾರ, 9ರಲ್ಲಿ ತಂತಿ ಸಂದೇಶ ತಲುಪದಿದ್ದರೆ ಸರ್ಕಾರ ಹೊಣೆಯಲ್ಲ ಎಂಬ ಮಾತು. ವಿದ್ಯುತ್ ಅಥವಾ ಕಾಂತಶಕ್ತಿಯಿಂದ ಸಂದೇಶ ಕಳಿಸುವ, ಪಡೆಯುವ ಯಾವ ಸಾಧನವೂ 'ಟೆಲಿಗ್ರಾಫ್' ಎಂದು ಅಗಲವಾಗಿ ಬರೆದಿದ್ದರಿಂದ ಟೆಲಿಫೋನೂ ಒಳಗೆ ಬಂತು, ಮುಂದೆ ರೇಡಿಯೊವೂ ಬಂತು. ರೇಡಿಯೊ ಲೈಸೆನ್ಸ್ ಪುಸ್ತಕ ಹಿಡಿದು ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿದ ನೆನಪಿರುವವರು ಇನ್ನೂ ಇದ್ದಾರೆ.

ಇದರಲ್ಲಿ ನಿಜವಾಗಿ ಹೊಸದು 10ನೇ ಕಲಂ. ತಂತಿ ಎಳೆಯಲು ಯಾರ ಜಮೀನಿನಲ್ಲಾದರೂ ಕಂಬ ನೆಡಬಹುದು. ಒಡೆತನ ಹೋಗುವುದಿಲ್ಲ, ಬಳಸುವ ಹಕ್ಕು ಮಾತ್ರ ಇಲಾಖೆಗೆ. ಹಾನಿ ಆದಷ್ಟು ಕಡಿಮೆ ಮಾಡಬೇಕು, ಆದದ್ದಕ್ಕೆ ಪೂರ್ತಿ ಪರಿಹಾರ ಕೊಡಬೇಕು. ಇಲ್ಲೊಂದು ವಿಚಿತ್ರ ನೋಡಿ: ಪುರಸಭೆಯ ಜಾಗದಲ್ಲಿ ನೆಡಬೇಕಾದರೆ ಪುರಸಭೆಯ ಅನುಮತಿ ಬೇಕು, ರೈತನ ಹೊಲದಲ್ಲಿ ನೆಡಲು ರೈತನ ಒಪ್ಪಿಗೆ ಬೇಡ.

ಈಗ ವಿದ್ಯುತ್. 1910ರ ಭಾರತೀಯ ವಿದ್ಯುತ್ ಕಾಯ್ದೆ ಹೊರಬಂದಾಗ ಕಲ್ಕತ್ತೆ, ಮುಂಬೈಗಳಲ್ಲಿ ದೀಪ ಉರಿಸುತ್ತಿದ್ದವರು ಕಂಪನಿಗಳು. ಸರ್ಕಾರದ ಪಾತ್ರ ಪರವಾನಗಿ ಕೊಡುವುದು. ಕಾಯ್ದೆಯ ದನಿಯೇ ಇಲ್ಲಿ ಬೇರೆ. ಒಬ್ಬರಿಗೆ ಪರವಾನಗಿ ಕೊಟ್ಟರೆ ಅದೇ ಪ್ರದೇಶದಲ್ಲಿ ಇನ್ನೊಬ್ಬರಿಗೆ ಕೊಡಲು ಅಡ್ಡಿಯಿಲ್ಲ, ಏಕಸ್ವಾಮ್ಯದ ಮಾತೇ ಇಲ್ಲ. 22ನೇ ಕಲಂ ಪ್ರಕಾರ ಅಕ್ಕಪಕ್ಕದವರಿಗೆ ಯಾವ ಷರತ್ತಿನಲ್ಲಿ ಕರೆಂಟು ಸಿಕ್ಕಿದೆಯೋ ಅದೇ ಷರತ್ತಿನಲ್ಲಿ ಅರ್ಜಿ ಹಾಕಿದವರಿಗೂ ಸಿಗಬೇಕು. 24ನೇ ಕಲಂ ಆಗಲೇ ಹೇಳಿದ ಏಳು ದಿನದ ನೋಟಿಸು. ಮೀಟರು ಸರಿ ಓಡುತ್ತಿದೆಯೇ ಎಂಬ ಜಗಳ ಬಂದರೆ ತೀರ್ಮಾನ ಕಂಪನಿಯದಲ್ಲ, ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರದು. ಬೀದಿ ಅಗೆಯುವ ಮೊದಲು ನಕ್ಷೆ ಸಮೇತ ನೋಟಿಸು, ಖಾಸಗಿ ಜಾಗಕ್ಕೆ ತಂತಿ ಹಾಕಲು ಮಾಲೀಕನ ಅಥವಾ ವಾಸವಿರುವವರ ಒಪ್ಪಿಗೆ. ಇಲ್ಲಿ ಸರ್ಕಾರ ಪ್ರಜೆಯ ಪಕ್ಕ ನಿಂತು ಕಂಪನಿಯ ಕಡೆ ಬೆರಳು ತೋರಿಸುತ್ತಿದೆ. ಅಂಚೆಯಲ್ಲಿ ಆ ಬೆರಳು ತನ್ನ ಕಡೆಗೇ ತಿರುಗಬೇಕಿತ್ತು, ತಿರುಗಲಿಲ್ಲ.

ಮೈಸೂರು ಸಂಸ್ಥಾನದ ದಾರಿ ಬೇರೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 92 ಮೈಲಿ ತಂತಿ ಎಳೆದು 1902ರಲ್ಲಿ ವಿದ್ಯುತ್ ಹರಿಸಿದ್ದು, 1905ರಲ್ಲಿ ಬೆಂಗಳೂರಿಗೆ ದೀಪ ಕೊಟ್ಟದ್ದು ಸಂಸ್ಥಾನದ ಸರ್ಕಾರವೇ.

ಮತ್ತೆ 1910ಕ್ಕೆ. ಜಮೀನಿಗೆ ಒಪ್ಪಿಗೆ ಬೇಕು ಎಂದ ಅದೇ ಕಾಯ್ದೆಯ ಕೊನೆಯ ಕಡೆ 51ನೇ ಕಲಂ ಕೂತಿದೆ. ಸರ್ಕಾರ ಲಿಖಿತ ಆದೇಶ ಹೊರಡಿಸಿ, ತಂತಿ ಇಲಾಖೆಗೆ 1885ರ ಕಾಯ್ದೆ ಕೊಟ್ಟ ಅಧಿಕಾರಗಳನ್ನು ವಿದ್ಯುತ್ ಪರವಾನಗಿದಾರನಿಗೂ ಕೊಡಬಹುದು. ಮುಂಬಾಗಿಲಲ್ಲಿ ಕೇಳಿದ ಒಪ್ಪಿಗೆ ಹಿತ್ತಿಲಲ್ಲಿ ಬೇಡವಾಯಿತು. 2003ರ ವಿದ್ಯುತ್ ಕಾಯ್ದೆ ಇದನ್ನು 164ನೇ ಕಲಮಾಗಿ ಉಳಿಸಿಕೊಂಡಿತು. ಹೊಲದ ನಡುವೆ ಹೈಟೆನ್ಷನ್ ಟವರ್ ಎದ್ದಾಗ ಬರುವ ಕಾಗದಪತ್ರದಲ್ಲಿ 1885ರ ಕಾಯ್ದೆಯ ಹೆಸರು ಕಾಣುವುದು ಇದರಿಂದ.

ಅಂಥ ಕಾಗದ ಕೈಗೆ ಬಂದವರು ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಟವರ್ ಹಾಕುವುದನ್ನು ತಡೆದರೆ ಪ್ರಕರಣ 1885ರ ಕಾಯ್ದೆಯ 16(1)ರಡಿ ಜಿಲ್ಲಾ ದಂಡಾಧಿಕಾರಿಯ ಮುಂದೆ ಹೋಗುತ್ತದೆ, ನಮ್ಮಲ್ಲಿ ಅದು ಜಿಲ್ಲಾಧಿಕಾರಿಯೇ. ಅವರು ಕೆಲಸಕ್ಕೆ ಅವಕಾಶ ಕೊಡಬೇಕೆಂದು ಆದೇಶಿಸಬಹುದು, ಆಮೇಲೂ ತಡೆದರೆ ಅದು ಶಿಕ್ಷಾರ್ಹ. ಪರಿಹಾರ ಸಾಲದು ಎಂಬ ತಕರಾರು ಬೇರೆ, ಅದನ್ನು 16(3)ರಡಿ ಜಿಲ್ಲಾ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಬೆಳೆ, ಮರ, ಕೊಳವೆಬಾವಿಗಳ ಫೋಟೊ ತೆಗೆದು, ಮರಗಳ ಜಾತಿ, ಸಂಖ್ಯೆ, ವಯಸ್ಸು ಬರೆದು, ಪಹಣಿಯ ಜತೆ ಇಟ್ಟುಕೊಳ್ಳಿ. ಕಡಿದ ಮೇಲೆ ಎಷ್ಟಿತ್ತು ಎಂದು ತೋರಿಸುವುದು ಕಷ್ಟ.