ನಾಲ್ಕಕ್ಷರ ಬಚ್ಚಿಟ್ಟ ಸುದ್ದಿ

ಕೇಳುಗರಿಗೆ ನಮಸ್ಕಾರ.

‘ಈ ಕಾರ್ಯಕ್ರಮದ ಪ್ರಾಯೋಜಕರು’ ಎಂಬ ಮಾತು ರೇಡಿಯೋ ಕೇಳುವವರಿಗೆ ಹೊಸದಲ್ಲ. ಶುರುವಿಗೊಮ್ಮೆ, ಕೊನೆಗೊಮ್ಮೆ ಅದು ಕಿವಿಗೆ ಬೀಳುತ್ತದೆ. ದುಡ್ಡು ಯಾರದ್ದೆಂದು ತಿಳಿದುಕೊಂಡೇ ನಾವು ಮುಂದಿನದನ್ನು ಕೇಳುತ್ತೇವೆ. ಆ ಒಂದು ಸಾಲನ್ನು ನುಂಗಿಕೊಂಡು, ಸುದ್ದಿಯ ವೇಷ ತೊಟ್ಟು ಪತ್ರಿಕೆಗೆ ಬರುವ ಜಾಹೀರಾತಿನ ಬಗ್ಗೆ ಇವತ್ತಿನ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೇ ಕೊನೆ, ಮೃಗಶಿರಾ ಮಳೆ ಇನ್ನೇನು ಹಿಡಿಯಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಲೆಕ್ಕಾಚಾರ ನಡೆದಿರುತ್ತದೆ. ಪತ್ರಿಕೆಯ ಒಳಪುಟದಲ್ಲಿ ಅರ್ಧ ಪುಟದ ಬರಹ: ‘ಒಂದೇ ಸಿಂಪಡಣೆ, ಕೊಳೆರೋಗ ಮಾಯ’. ಹಸಿರು ಅಡಿಕೆ ಗೊನೆ ಹಿಡಿದು ನಗುತ್ತಿರುವ ಬೆಳೆಗಾರರ ಫೋಟೊ. ಅಕ್ಷರ ಸುದ್ದಿಯದೇ, ಕಾಲಂ ಅಗಲವೂ ಸುದ್ದಿಯದೇ. ಬಲಗಡೆ ಮೂಲೆಯಲ್ಲಿ, ಕನ್ನಡಕ ಹಾಕಿದರೂ ಹುಡುಕಬೇಕಾದಷ್ಟು ಸಣ್ಣದಾಗಿ ‘ವಿಶೇಷ ಮಾಹಿತಿ’ ಎಂದಿರುತ್ತದೆ. ‘ಜಾಹೀರಾತು’ ಎಂಬ ನಾಲ್ಕಕ್ಷರ ಎಲ್ಲೂ ಇಲ್ಲ.

ಈ ಬರಹವನ್ನು ನಿಧಾನವಾಗಿ ಓದಿದರೆ ಗುಟ್ಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ವರದಿಗಾರರ ಹೆಸರಿಲ್ಲ. ಮಾತಾಡಿದವರೆಲ್ಲ ಒಂದೇ ಕಡೆಯವರು. ತೀರ್ಥಹಳ್ಳಿಯ ಅಡಿಕೆ ಸಂಶೋಧನಾ ಕೇಂದ್ರದವರನ್ನೋ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದವರನ್ನೋ ಕೇಳಿಲ್ಲ. ಎಷ್ಟು ಲೀಟರಿಗೆ ಎಷ್ಟು ಬೆರೆಸಬೇಕು, ಮಳೆ ಬಿಡದೆ ಹೊಯ್ದರೆ ಏನಾಗುತ್ತದೆ, ಔಷಧಿ ಎಲ್ಲಿ ಕೆಲಸ ಮಾಡಲಿಲ್ಲ ಎಂಬುದರ ಸುಳಿವಿಲ್ಲ. ಕೊನೆಯ ಪ್ಯಾರಾದಲ್ಲಿ ಮಾತ್ರ ಫೋನ್ ನಂಬರು ಇದೆ.

ಇದೇ ವಿಷಯದ ನಿಜವಾದ ವರದಿ ಬೇರೆ ಥರ ಇರುತ್ತದೆ. ಕೊಳೆರೋಗ ತಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಎರಡನ್ನೂ ಮೂರನೇ ಪಾತ್ರೆಗೆ ಒಟ್ಟೊಟ್ಟಿಗೆ ಸುರಿಯಬೇಕು ಎಂದು ಅದು ಹೇಳುತ್ತದೆ. ಪಾತ್ರೆ ಕಬ್ಬಿಣದ್ದಾಗಬಾರದು. ಹದ ನೋಡಲು ಉಜ್ಜಿದ ಕತ್ತಿ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಗಾಯಿ, ಸೋಗೆ ಸುಡುತ್ತದೆ. ಮಾಡಿದ ದ್ರಾವಣ ಅದೇ ದಿನ ಮುಗಿಯಬೇಕು. ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು. ಎಲ್ಲಿ ಎಡವಬಹುದು ಎಂಬುದನ್ನೂ ವರದಿ ಹೇಳುತ್ತದೆ. ಹಣ ಪಡೆದ ಬರಹ ಹೇಳದೆ ಬಿಡುವುದು ಅದನ್ನೇ.

ಅಂಥ ಬರಹ ನಂಬಿ ಅಂಗಡಿಗೆ ಹೋಗುವವರು ಮೊದಲು ಡಬ್ಬಿ ತಿರುಗಿಸಿ ನೋಡಬೇಕು. ಕೊಳೆ ಔಷಧಿಯಂಥ ಶಿಲೀಂಧ್ರನಾಶಕವೂ 1968ರ ಕೀಟನಾಶಕ ಕಾಯ್ದೆಯಡಿ ಬರುತ್ತದೆ. ನೋಂದಣಿ ಸಂಖ್ಯೆ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ವಿಷದ ತೀವ್ರತೆ ತೋರಿಸುವ ಬಣ್ಣದ ಗುರುತು ಚೀಟಿಯ ಮೇಲೆ ಇರಲೇಬೇಕು. ‘ರೋಗ ಗುಣಪಡಿಸುತ್ತದೆ’ ಎನ್ನುತ್ತಾ ನೋಂದಣಿ ಸಂಖ್ಯೆಯೇ ಇಲ್ಲದಿದ್ದರೆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.

ಇಂಥ ಬರಹ ಪುಟಕ್ಕೆ ಹೇಗೆ ನುಸುಳುತ್ತದೆ ಎನ್ನುವುದಕ್ಕೆ ಪತ್ರಿಕೆಯ ಜಮಾಖರ್ಚು ನೋಡಬೇಕು. ನೀವು ಕೊಡುವ ನಾಲ್ಕೈದು ರೂಪಾಯಿ ಕಾಗದ, ಮುದ್ರಣ, ಸಾಗಣೆಗೇ ಸಾಲುವುದಿಲ್ಲ. ಉಳಿದದ್ದನ್ನು ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಮಾರುವ ಜಾಗವೇ ತುಂಬಬೇಕು. ಇದು ತಪ್ಪಲ್ಲ, ಜಾಹೀರಾತಿಲ್ಲದೆ ಜಿಲ್ಲಾ ಪತ್ರಿಕೆಗಳು ಬದುಕುವುದಿಲ್ಲ. ತೊಡಕು ಇರುವುದು ತಾಲ್ಲೂಕು ಮಟ್ಟದಲ್ಲಿ. ಎಷ್ಟೋ ಕಡೆ ಸುದ್ದಿ ಕಳಿಸುವವರೇ ದೀಪಾವಳಿ, ರಾಜ್ಯೋತ್ಸವದ ವಿಶೇಷ ಪುರವಣಿಗೆ ಜಾಹೀರಾತನ್ನೂ ತರಬೇಕು. ಸಂಬಳ ನೆಪಮಾತ್ರ, ಕೈಗೆ ಸಿಗುವುದು ಜಾಹೀರಾತಿನ ಕಮಿಷನ್. ನಿನ್ನೆ ಶುಭಾಶಯದ ಜಾಹೀರಾತು ಕೊಟ್ಟ ಕಲ್ಲು ಕ್ವಾರಿಯ ಮಾಲೀಕರ ವಿರುದ್ಧ ಇವತ್ತು ಊರವರು ದೂರು ತಂದರೆ ಆ ವರದಿಗಾರರು ಏನು ಮಾಡಬೇಕು? ಬರೆಯದೆ ಬಿಟ್ಟ ಸುದ್ದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬರೆದ ಸುಳ್ಳಿಗಿಂತ ಇದು ದೊಡ್ಡ ನಷ್ಟ ಎಂಬುದು ನನ್ನ ಅಭಿಪ್ರಾಯ.

ನಂಬಿಕೆ ಹೋಗುವ ಬಗೆ ಮಂಡಿಗೆ ಅಡಿಕೆ ಒಯ್ಯುವವರಿಗೆ ಚೆನ್ನಾಗಿ ಗೊತ್ತು. ‘ರಾಶಿ’ ದರ್ಜೆಯ ಚೀಲದಲ್ಲಿ ಹತ್ತು ಹಿಡಿ ಕಡಿಮೆ ದರ್ಜೆಯ ಗೊರಬಲು ಬೆರೆತಿದ್ದರೆ ಖರೀದಿದಾರರು ಗೊರಬಲಿಗಷ್ಟೇ ದರ ಕಡಿಮೆ ಮಾಡುವುದಿಲ್ಲ, ಇಡೀ ಚೀಲದ ದರ ಇಳಿಸುತ್ತಾರೆ. ಪತ್ರಿಕೆಯದೂ ಹಾಗೇ. ಮೂರನೇ ಪುಟದ್ದು ದುಡ್ಡು ಕೊಟ್ಟು ಹಾಕಿಸಿದ್ದೆಂದು ಒಮ್ಮೆ ಗೊತ್ತಾದರೆ ಒಂದನೇ ಪುಟದ ಮೇಲೂ ಅನುಮಾನ ಶುರುವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಯ ಮುಂಚೆ ತಲೆ ಎತ್ತುತ್ತದೆ. ಇಂಥ ಕಾಡಿನಲ್ಲಿ ಮಂಗ ಸತ್ತಿದೆ, ದರಗೆಲೆ ತರಲು ಹೋಗಬೇಡಿ, ಹೋಗುವುದಾದರೆ ಕಾಯಿಲೆ ಹರಡುವ ಉಣ್ಣೆ ತಾಗದಂತೆ ಮೈಗೆ ತೈಲ ಹಚ್ಚಿಕೊಳ್ಳಿ ಎಂದು ಪತ್ರಿಕೆ ಬರೆದಾಗ ಓದಿದವರು ನಂಬಬೇಕು. ಆ ದಿನಕ್ಕಾಗಿ ನಂಬಿಕೆಯನ್ನು ಉಳಿದ ದಿನಗಳಲ್ಲಿ ಕಾಪಾಡಿಕೊಂಡಿರಬೇಕು.

ಹಣ ಪಡೆದ ಬರಹಕ್ಕೆ ಚುನಾವಣೆ ಬಂದಾಗ ‘ಕಾಸಿಗಾಗಿ ಸುದ್ದಿ’ ಎಂಬ ಹೆಸರು. 2009ರ ಲೋಕಸಭಾ ಚುನಾವಣೆಯ ನಂತರ ಭಾರತೀಯ ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರು, ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ, ದರಪಟ್ಟಿ ಇಟ್ಟುಕೊಂಡು ಸುದ್ದಿ ಮಾರಿದ್ದನ್ನು ಹೆಸರು ಸಮೇತ ದಾಖಲಿಸಿದರು. ಮಂಡಳಿ 2010ರಲ್ಲಿ ಹೊರತಂದದ್ದು ಮೊಟಕುಗೊಳಿಸಿದ ವರದಿಯನ್ನು. ಪೂರ್ಣಪಾಠ ಜನರಿಗೆ ಸಿಕ್ಕಿದ್ದು ಮಾಹಿತಿ ಆಯೋಗದ ಆದೇಶದ ಮೇಲೆ, 2011ರಲ್ಲಿ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರು ಇಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು ಚುನಾವಣಾ ಆಯೋಗ ಅದೇ ವರ್ಷ ಅವರನ್ನು ಮೂರು ವರ್ಷ ಅನರ್ಹಗೊಳಿಸಿತು.

ಈಗ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಚುನಾವಣಾಧಿಕಾರಿಯ ಅಡಿ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ ಇರುತ್ತದೆ, ಎಂಸಿಎಂಸಿ ಎನ್ನುತ್ತಾರೆ. ಅನುಮಾನ ಬಂದ ಸುದ್ದಿಯ ಬಗ್ಗೆ 96 ಗಂಟೆಯೊಳಗೆ ಅಭ್ಯರ್ಥಿಗೆ ನೋಟಿಸ್ ಹೋಗಬೇಕು, ಅವರು 48 ಗಂಟೆಯೊಳಗೆ ಉತ್ತರಿಸಬೇಕು. ಹಣದ ಸುದ್ದಿ ಎಂದು ತೀರ್ಮಾನವಾದರೆ ಆ ಜಾಗದ ಜಾಹೀರಾತು ದರವನ್ನು ಅವರ ಚುನಾವಣಾ ಖರ್ಚಿಗೆ ಸೇರಿಸುತ್ತಾರೆ. ವಿಧಾನಸಭೆಗೆ ನಮ್ಮಲ್ಲಿ ಖರ್ಚಿನ ಮಿತಿ 2022ರಿಂದ 40 ಲಕ್ಷ ರೂಪಾಯಿ. ಗುರುತು ಹಿಡಿಯುವುದು ಕಷ್ಟವಲ್ಲ. ಒಂದೇ ಬರಹ, ಒಂದೇ ಫೋಟೊ ಒಂದೇ ದಿನ ಎರಡು ಮೂರು ಪತ್ರಿಕೆಗಳಲ್ಲಿ, ಬೇರೆ ಬೇರೆ ವರದಿಗಾರರ ಹೆಸರಿನಲ್ಲಿ ಬರುತ್ತದೆ. ಅಥವಾ ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳ ಗೆಲುವೂ ನಿಶ್ಚಿತವಾಗಿರುತ್ತದೆ. ಆದರೆ ನಗದು ಕೈ ಬದಲಾಯಿಸಿದ್ದಕ್ಕೆ ರಸೀದಿ ಇರುವುದಿಲ್ಲ. ಸಮಿತಿಗಳು ಸೋಲುವುದು ಅಲ್ಲೇ.

ಹಣ ಪಡೆದು ಮಾಡುವ ಮೊಬೈಲಿನ ವಿಡಿಯೋಗಳಿಗೂ ಲೆಕ್ಕವಿದೆ. ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ಹೇಳಿದಂತೆ, 15 ಸೆಕೆಂಡಿನೊಳಗಿನ ವಿಡಿಯೋದಲ್ಲಿ ಜಾಹೀರಾತು ಎಂಬ ಗುರುತು ಕನಿಷ್ಠ 3 ಸೆಕೆಂಡ್, ಎರಡು ನಿಮಿಷದೊಳಗಿನದರಲ್ಲಿ ಮೂರನೇ ಒಂದು ಭಾಗದಷ್ಟು ಹೊತ್ತು ಕಾಣಬೇಕು. ದಾರಿ ತಪ್ಪಿಸುವ ಪ್ರಚಾರ ಮಾಡಿದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಸಣ್ಣ ಪತ್ರಿಕೆ ನಡೆಸುವವರಿಗೆ ಎರಡು ಮಾತು. ‘ಪ್ರಾಯೋಜಿತ’, ‘ವಿಶೇಷ’, ‘ಇಂಪ್ಯಾಕ್ಟ್ ಫೀಚರ್’ ಎಂಬ ಸುತ್ತುಬಳಸು ಬೇಡ, ‘ಜಾಹೀರಾತು’ ಎಂದೇ ಹಾಕಿ. ಅದನ್ನು ಮೂಲೆಯಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಜನ ಈಗ ಪತ್ರಿಕೆಯ ತುಣುಕಿನ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ಅಂಚು ಕತ್ತರಿಸುವಾಗ ಮೊದಲು ಹೋಗುವುದೇ ಆ ಗುರುತು. ಆದ್ದರಿಂದ ತಲೆಬರಹದ ಮೊದಲ ಪದವಾಗಿಯೇ ಅದು ಇರಲಿ, ಹಣ ಕೊಟ್ಟವರ ಹೆಸರು ಮೊದಲ ಸಾಲಿನಲ್ಲಿ ಬರಲಿ. ಅಕ್ಷರದ ರೂಪ, ಹಿನ್ನೆಲೆ ಬಣ್ಣ ಬೇರೆ ಇರಲಿ, ಸುತ್ತ ದಪ್ಪ ಗೆರೆ ಇರಲಿ. ಅದನ್ನು ವರದಿಗಾರರಿಂದ ಬರೆಸಬೇಡಿ, ಅವರ ಹೆಸರನ್ನೂ ಹಾಕಬೇಡಿ. ಒಂದು ಜಾಹೀರಾತು ಕೈತಪ್ಪಬಹುದು, ಆ ನಷ್ಟ ತಾಳಿಕೊಳ್ಳಬಲ್ಲದ್ದು.

ಓದುವವರಿಗೆ ದೂರು ಕೊಡುವ ದಾರಿಯೂ ಇದೆ. ಮೊದಲು ಸಂಪಾದಕರಿಗೆ ಪತ್ರ ಬರೆದು ‘ಇಂಥ ದಿನದ ಇಂಥ ಪುಟದ ಬರಹಕ್ಕೆ ಹಣ ಪಡೆದಿದ್ದೀರಾ?’ ಎಂದು ನೇರವಾಗಿ ಕೇಳಿ. ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ದೆಹಲಿಯ ಪತ್ರಿಕಾ ಮಂಡಳಿಗೆ ದೂರು ಕಳಿಸಬಹುದು. ಶುಲ್ಕವಿಲ್ಲ. ದಿನಪತ್ರಿಕೆ, ವಾರಪತ್ರಿಕೆಯದಾದರೆ ಪ್ರಕಟವಾಗಿ ಎರಡು ತಿಂಗಳೊಳಗೆ, ಉಳಿದ ನಿಯತಕಾಲಿಕವಾದರೆ ನಾಲ್ಕು ತಿಂಗಳೊಳಗೆ ತಲುಪಬೇಕು. ಕನ್ನಡ ಬರಹಕ್ಕೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು, ಹಳ್ಳಿಯವರಿಗೆ ಇದೇ ದೊಡ್ಡ ತೊಡಕು. ಪಕ್ಕದ ಕಾಲೇಜಿನ ಮೇಷ್ಟ್ರನ್ನು ಕೇಳಿಕೊಳ್ಳಿ. ಮಂಡಳಿ ಛೀಮಾರಿ ಹಾಕಬಲ್ಲದು, ಎಚ್ಚರಿಸಬಲ್ಲದು, ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. ಆದರೂ ಪತ್ರಿಕೆಯ ಹೆಸರು ದಾಖಲಾಗುತ್ತದೆ.

ದೂರಿಗೆಂದು ಬರಹವನ್ನಷ್ಟೇ ಕತ್ತರಿಸಿಕೊಳ್ಳಬೇಡಿ. ತಾರೀಕು, ಪುಟದ ಸಂಖ್ಯೆ, ಮೂಲೆಯ ಸಣ್ಣಕ್ಷರ, ಕೊನೆಯ ಪುಟದ ಅಡಿಯಲ್ಲಿ ಅಚ್ಚಾದ ಸಂಪಾದಕರು, ಪ್ರಕಾಶಕರ ಹೆಸರು, ಎಲ್ಲವೂ ಬೇಕಾಗುತ್ತದೆ. ಆ ದಿನದ ಪತ್ರಿಕೆಯನ್ನು ಇಡಿಯಾಗಿ ಮಡಿಸಿ, ಮಳೆಗಾಲದ ಥಂಡಿ ತಾಗದ ಹಾಗೆ ಎತ್ತಿಡಿ.

ನಮಸ್ಕಾರ.